ಮಳೆಗಾಲದಲ್ಲಿ ಮೆಕ್ಸಿಕೊ, ಅದೂ ಬಸ್ಸಿನಲ್ಲಿ: ಟಿಕೆಟ್‌ನಿಂದ ಟ್ಯಾಕ್ಸಿವರೆಗೆ

ಮೆಕ್ಸಿಕೊದಲ್ಲಿ ದೂರದ ಊರಿಗೆ ಹೋಗಬೇಕೆಂದರೆ ಬಸ್ಸೇ ಗತಿ. ಆಗ್ನೇಯ ಮೂಲೆಯ ಯುಕಟಾನ್ ಕಡೆ 2023ರ ಡಿಸೆಂಬರ್‌ನಲ್ಲಿ ಶುರುವಾದ ಮಾಯಾ ರೈಲಿನಂಥ ಕೆಲವನ್ನು ಬಿಟ್ಟರೆ ಪ್ರಯಾಣಿಕರ ರೈಲನ್ನು ನೆಚ್ಚಿಕೊಂಡು ಅಲ್ಲಿ ಪ್ಲಾನ್ ಮಾಡುವ ಹಾಗಿಲ್ಲ. ಬಸ್ಸುಗಳೇನೋ ಚೆನ್ನಾಗಿವೆ. ಸೀಟು ಆರಾಮಾಗಿ ಹಿಂದಕ್ಕೆ ಬಾಗುತ್ತದೆ, ಒಳಗೇ ಶೌಚಾಲಯ ಇರುತ್ತದೆ, ಮೊದಲ ದರ್ಜೆಯ ಬಸ್ಸುಗಳು ಸಾಮಾನ್ಯವಾಗಿ ಟೈಮಿಗೆ ಹೊರಡುತ್ತವೆ. ತೊಂದರೆ ಇರುವುದು ರಸ್ತೆಯಲ್ಲಿ. ನೋಡಲೇಬೇಕು ಅನ್ನುವ ಊರುಗಳಿಗೆ ಹೋಗುವ ರಸ್ತೆಗಳು ಬಹುಪಾಲು ಬೆಟ್ಟ ಕಡಿದು ಮಾಡಿದವು, ಮಳೆ ಜೋರಾದರೆ ಗುಡ್ಡ ಕುಸಿಯುತ್ತದೆ, ಗುಡ್ಡ ಕುಸಿದರೆ ದಾರಿ ಬಂದ್. ಶಿರಾಡಿ ಘಾಟಿ ಬಂದ್ ಆದಾಗ ಮಂಗಳೂರಿಗೆ ಹೊರಟವರ ಪಾಡು ನೋಡಿದ್ದೀರಲ್ವಾ, ಅದೇ ಪಾಡು, ಆದರೆ ಭಾಷೆ ಬಾರದ ಊರಿನಲ್ಲಿ.

ಹಾಗಂತ ಮಳೆಗಾಲದಲ್ಲಿ ಹೋಗಲೇಬೇಡಿ ಅಂತ ಹೇಳುವವನಲ್ಲ ನಾನು. ಹೋಟೆಲ್ ಅಗ್ಗ, ಜನ ಕಡಿಮೆ, ಬೇಸಿಗೆಯಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗಿದ್ದ ಬೆಟ್ಟಗಳೆಲ್ಲ ಹಸಿರಾಗಿರುತ್ತವೆ. ಅಮೆರಿಕದಲ್ಲಿರುವ ನಮ್ಮವರಿಗೆ ರಜೆ ಸಿಗುವುದೂ ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲೇ. ಕೆಳಗೆ ಬರೆದಿರುವುದೆಲ್ಲ ಸುತ್ತಿ ಸುತ್ತಿ ಒಂದೇ ಮಾತಿಗೆ ಬರುತ್ತದೆ: ಬೆಟ್ಟವನ್ನು ಬೆಳಿಗ್ಗೆ ದಾಟಿ. ಯಾವ ಬಸ್ಸು, ಯಾವ ಸೀಟು ಅನ್ನುವುದೆಲ್ಲ ಆಮೇಲೆ.

ಹಂತ 1: ಮಳೆಯ ಲೆಕ್ಕ ತಿಳಿದುಕೊಳ್ಳಿ

ಮಳೆಗಾಲ ಸುಮಾರು ಮೇ ಕೊನೆಯಿಂದ ಅಕ್ಟೋಬರ್‌ವರೆಗೆ. ಆದರೆ ನಮ್ಮ ಮಲೆನಾಡಿನ ಹಾಗೆ ದಿನವಿಡೀ ಜಡಿಮಳೆ ಅಲ್ಲ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮತ್ತು ಸುತ್ತಲಿನ ಎತ್ತರದ ನಾಡಿನಲ್ಲಿ ಬೆಳಿಗ್ಗೆ ಬಿಸಿಲು ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ಮೂರು ನಾಲ್ಕು ಗಂಟೆಯ ಮೇಲೆ ಗುಡುಗು ಸಿಡಿಲಿನ ಜೊತೆ ಸುರಿಯುತ್ತದೆ, ರಾತ್ರಿ ನಿಲ್ಲುತ್ತದೆ. ಮರುದಿನ ಮತ್ತೆ ಅದೇ. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಬೆಳಿಗ್ಗೆ ಆರು ಏಳಕ್ಕೆ ಹೊರಟ ಬಸ್ಸು ಮಳೆ ಬರುವ ಮೊದಲೇ ಘಾಟಿ ಇಳಿದಿರುತ್ತದೆ, ಮಧ್ಯಾಹ್ನ ಎರಡಕ್ಕೆ ಹೊರಟದ್ದು ಸರಿಯಾಗಿ ಮಳೆಯ ಬಾಯಿಗೇ ಹೋಗಿ ಬೀಳುತ್ತದೆ.

ಸಾಮಾನ್ಯವಾಗಿ ಸೆಪ್ಟೆಂಬರ್ ಎಲ್ಲಕ್ಕಿಂತ ಕೆಟ್ಟ ತಿಂಗಳು. ನೆಲ ಅಷ್ಟು ಹೊತ್ತಿಗೆ ನೀರು ಕುಡಿದು ಮೆತ್ತಗಾಗಿರುತ್ತದೆ, ಚಂಡಮಾರುತಗಳೂ ಆಗಲೇ ಜಾಸ್ತಿ. ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ದಕ್ಷಿಣ ಹಾಗೂ ಪೂರ್ವದ ಕಡೆ ಕೆಲವು ವಾರ ಮಳೆ ಬಿಡುವು ಕೊಡುವುದುಂಟು, ಅದಕ್ಕೆ ಅಲ್ಲಿ ಕನೀಕುಲಾ ಅನ್ನುತ್ತಾರೆ. ತಾರೀಖು ನಿಮ್ಮ ಕೈಯಲ್ಲಿದ್ದರೆ ಪ್ರವಾಸವನ್ನು ಆ ಬಿಡುವಿನೊಳಗೆ ಇಡಿ.

ಚಂಡಮಾರುತದ ಕಥೆ ಬೇರೆ. ಪೂರ್ವ ಪೆಸಿಫಿಕ್‌ನಲ್ಲಿ ಮೇ 15ರಿಂದ, ಅಟ್ಲಾಂಟಿಕ್ ಕಡೆ ಜೂನ್ 1ರಿಂದ ಅದರ ಸೀಸನ್ ಶುರು, ಎರಡೂ ಮುಗಿಯುವುದು ನವೆಂಬರ್ 30ಕ್ಕೆ. ಎರಡು ಕಡೆ ಸಮುದ್ರ ಇರುವುದರಿಂದ ಎರಡು ಕಡೆಯಿಂದಲೂ ಒಟ್ಟಿಗೆ ಬರಬಹುದು. 2013ರ ಸೆಪ್ಟೆಂಬರ್‌ನಲ್ಲಿ ಹಾಗೇ ಆಯಿತು, ಒಂದು ಕಡೆ ಇಂಗ್ರಿಡ್, ಇನ್ನೊಂದು ಕಡೆ ಮ್ಯಾನುಯೆಲ್. ಪೆಸಿಫಿಕ್ ತೀರದ ಅಕಾಪುಲ್ಕೊದಿಂದ ಮೆಕ್ಸಿಕೊ ಸಿಟಿಗೆ ಬರುವ ಹೆದ್ದಾರಿ ಕುಸಿತದಿಂದ ಬಂದ್ ಆಗಿ, ರಜೆಗೆ ಹೋಗಿದ್ದ ಸಾವಿರಾರು ಜನ ಅಲ್ಲೇ ಸಿಕ್ಕಿಕೊಂಡರು, ಎಷ್ಟೋ ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. 2023ರ ಅಕ್ಟೋಬರ್ 25ರಂದು ಅದೇ ಅಕಾಪುಲ್ಕೊಗೆ ಬಡಿದ ಓಟಿಸ್ ಒಂದು ದಿನದೊಳಗೇ ಸಾಧಾರಣ ಬಿರುಗಾಳಿಯಿಂದ ಐದನೇ ದರ್ಜೆಯ ಚಂಡಮಾರುತ ಆಗಿಬಿಟ್ಟಿತ್ತು. ಹಿಂದಿನ ದಿನ ಬೆಳಿಗ್ಗೆ ಹವಾಮಾನ ನೋಡಿ ನೆಮ್ಮದಿಯಾಗಿದ್ದವರಿಗೂ ಅದು ಅಂದಾಜಿಗೆ ಸಿಗಲಿಲ್ಲ. ಇನ್ನು 2025ರ ಅಕ್ಟೋಬರ್‌ನಲ್ಲಿ ವೆರಾಕ್ರೂಸ್ ರಾಜ್ಯದ ಪೋಸಾ ರಿಕಾ ಊರಿಗೆ ಕಾಸೋನೆಸ್ ನದಿ ನುಗ್ಗಿತು, ಪಕ್ಕದ ಇಡಾಲ್ಗೊ, ಪುಯೆಬ್ಲಾ ರಾಜ್ಯಗಳ ಬೆಟ್ಟದ ಊರುಗಳಿಗೆ ರಸ್ತೆಯೇ ಇಲ್ಲದ ಹಾಗಾಯಿತು. ಹೆದರಿಸಲು ಹೇಳುತ್ತಿಲ್ಲ. ಅಕ್ಟೋಬರ್ ಬಂತು, ಮಳೆ ಮುಗಿಯಿತು ಅಂತ ಲೆಕ್ಕ ಹಾಕಬೇಡಿ ಅಂತಷ್ಟೇ.

ಹಂತ 2: ದಾರಿ ಆರಿಸಿ, ಊರನ್ನಲ್ಲ

ನಾವು ಸಾಮಾನ್ಯವಾಗಿ ಊರು ಆರಿಸಿ ಆಮೇಲೆ ಬಸ್ಸು ಹುಡುಕುತ್ತೇವೆ. ಮಳೆಗಾಲದಲ್ಲಿ ಉಲ್ಟಾ ಮಾಡಿ. ಮೊದಲು ಮ್ಯಾಪ್ ತೆರೆದು ಎರಡು ಊರಿನ ನಡುವೆ ಬೆಟ್ಟ ಎಲ್ಲಿದೆ, ದಾರಿ ಒಂದೇ ಇದೆಯೋ ಎರಡಿದೆಯೋ ನೋಡಿ.

ಅಲ್ಲಿ ರಸ್ತೆಗಳು ಎರಡು ಥರ. ಟೋಲ್ ಕೊಡುವ ರಸ್ತೆಗೆ ಕ್ವೋತಾ, ಟೋಲ್ ಇಲ್ಲದ್ದಕ್ಕೆ ಲಿಬ್ರೆ. ನಂಬರಿನ ಕೊನೆಗೆ ಡಿ ಅಂತ ಇದ್ದರೆ ಅದು ಟೋಲ್ ರಸ್ತೆ. ಒಳ್ಳೆಯ ಬಸ್ಸುಗಳು ಟೋಲ್ ರಸ್ತೆಯಲ್ಲೇ ಹೋಗುತ್ತವೆ. ಕುಸಿದರೂ ಅಲ್ಲಿ ಬೇಗ ಯಂತ್ರ ತಂದು ತೆಗೆಯುತ್ತಾರೆ. ಟೋಲ್ ಇಲ್ಲದ ಬೆಟ್ಟದ ರಸ್ತೆಯಲ್ಲಿ ಆ ಭರವಸೆ ಇಲ್ಲ.

ದಾರಿ ದಾರಿಗೂ ಗುಣ ಬೇರೆ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೆಕ್ಸಿಕೊ ಸಿಟಿಯಿಂದ ಪುಯೆಬ್ಲಾ ಎರಡು ಗಂಟೆ ಚಿಲ್ಲರೆ. ದಾರಿ ಮೂರು ಸಾವಿರ ಮೀಟರಿಗೂ ಮೇಲೆ ಹತ್ತಿ ಇಳಿಯುತ್ತದೆ, ಚಳಿ ಮತ್ತು ಮಂಜು ಇರುತ್ತದೆ, ಆದರೆ ರಸ್ತೆ ಅಗಲವಾಗಿದೆ, ಬಸ್ಸು ಲೆಕ್ಕವಿಲ್ಲದಷ್ಟು. ಮೊದಲ ಸಲ ಹೋಗುವವರು ಇಲ್ಲಿಂದ ಶುರು ಮಾಡಬಹುದು.

ಪುಯೆಬ್ಲಾದಿಂದ ವೆರಾಕ್ರೂಸ್ ಕಡೆ ಹೋಗುವಾಗ ಒರಿಸಾಬಾ ಊರಿಗೆ ಮೊದಲು ಮಾಲ್ತ್ರಾತಾ ಅನ್ನುವ ಇಳಿಜಾರು ಬರುತ್ತದೆ. ಎತ್ತರದ ನಾಡು ಅಲ್ಲಿಗೆ ಮುಗಿದು ರಸ್ತೆ ಒಂದೇ ಸಮ ಕೆಳಗಿಳಿಯುತ್ತದೆ. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಅಲ್ಲಿ ದಟ್ಟ ಮಂಜು ಕೂರುತ್ತದೆ. ಭಾರದ ಲಾರಿಗಳೂ ಅದೇ ರಸ್ತೆಯಲ್ಲಿ ಇಳಿಯುತ್ತವೆ, ಬ್ರೇಕ್ ಕೈಕೊಟ್ಟ ಲಾರಿಗಳ ಅಪಘಾತಕ್ಕೆ ಆ ಜಾಗ ಕುಖ್ಯಾತ. ದಕ್ಷಿಣಕ್ಕೆ, ಅಂದರೆ ವಿಯಾಎರ್ಮೋಸಾ, ಮೆರಿದಾ ಕಡೆ ಹೋಗುವ ಬಸ್ಸುಗಳೂ ಇಲ್ಲೇ ಇಳಿಯಬೇಕು. ಇದನ್ನು ಹಗಲಿನಲ್ಲಿ, ಅದರಲ್ಲೂ ಮಧ್ಯಾಹ್ನದೊಳಗೆ ದಾಟಿದರೆ ಒಳ್ಳೆಯದು.

ವಹಾಕಾ (ಬರೆಯುವುದು Oaxaca ಅಂತ, ಆದರೆ ಕೌಂಟರಿನಲ್ಲಿ ಓಕ್ಸಾಕಾ ಅಂದರೆ ಯಾರಿಗೂ ತಿಳಿಯುವುದಿಲ್ಲ) ಊರಿಗೆ ಮೆಕ್ಸಿಕೊ ಸಿಟಿಯಿಂದ ಆರೂವರೆ ಏಳು ಗಂಟೆ. ತೆವಾಕಾನ್ ದಾಟಿದ ಮೇಲೆ ಕಳ್ಳಿಗಿಡ ತುಂಬಿದ ಒಣ ಬೆಟ್ಟಗಳ ನಡುವೆ ಹೋಗುವ ಟೋಲ್ ರಸ್ತೆ, ನೋಡಲು ಬಹಳ ಚೆನ್ನಾಗಿದೆ. ರಾತ್ರಿ ಬಸ್ಸಿನಲ್ಲಿ ಹೋಗಿ ಹೋಟೆಲ್ ದುಡ್ಡು ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ, ಈ ದಾರಿಯಲ್ಲಿ ಮಾತ್ರ ಅದನ್ನು ಬಿಡಿ.

ವಹಾಕಾದಿಂದ ಸಮುದ್ರತೀರದ ಪುವೆರ್ತೊ ಎಸ್ಕೊಂದಿದೊಗೆ 2024ರ ಫೆಬ್ರವರಿಯಲ್ಲಿ ಹೊಸ ಹೆದ್ದಾರಿ ತೆರೆದರು. ಮೊದಲು ಸಣ್ಣ ವ್ಯಾನುಗಳಲ್ಲಿ ತಿರುವು ತಿರುವಾಗಿ ಆರೇಳು ಗಂಟೆ, ದೊಡ್ಡ ಬಸ್ಸಾದರೆ ಸಲೀನಾ ಕ್ರೂಸ್ ಮೂಲಕ ಸುತ್ತಿಕೊಂಡು ಹತ್ತು ಗಂಟೆಗೂ ಜಾಸ್ತಿ. ಈಗ ಸುಮಾರು ಮೂರು ಗಂಟೆ. ಆದರೆ ಹೊಸದಾಗಿ ಕಡಿದ ಗುಡ್ಡ ಇನ್ನೂ ಕೂತಿಲ್ಲ, ಜೋರು ಮಳೆಗೆ ಕಲ್ಲು ಮಣ್ಣು ರಸ್ತೆಗೆ ಬರುತ್ತದೆ, ಆಗಾಗ ಮುಚ್ಚುತ್ತಾರೆ. ಮುಚ್ಚಿದ ದಿನ ಹಳೆಯ ರಸ್ತೆಯೇ ಗತಿ. ಅದರ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳದವರು ಅಪರೂಪ.

ದಕ್ಷಿಣದ ಚಿಯಾಪಾಸ್ ರಾಜ್ಯದಲ್ಲಿ ಸ್ಯಾನ್ ಕ್ರಿಸ್ಟೋಬಲ್‌ನಿಂದ ಪಲೆಂಕೆಗೆ ಮ್ಯಾಪಿನಲ್ಲಿ ನೋಡಿದರೆ ಇನ್ನೂರು ಕಿಲೋಮೀಟರ್ ಅಷ್ಟೇ. ಒಕೊಸಿಂಗೊ ಮೂಲಕ ಹೋಗುವ ಆ ರಸ್ತೆಯಲ್ಲಿ ಹಂಪ್‌ಗಳಿಗೆ ಲೆಕ್ಕವಿಲ್ಲ, ಊರಿನವರು ಬೇಡಿಕೆ ಇಟ್ಟು ರಸ್ತೆ ತಡೆಯುವುದು ಮಾಮೂಲು, ಮಳೆಗಾಲದಲ್ಲಿ ಕುಸಿತ ಬೇರೆ. ದೊಡ್ಡ ಕಂಪನಿಯ ಬಸ್ಸುಗಳು ಟುಸ್ಟ್ಲಾ, ವಿಯಾಎರ್ಮೋಸಾ ಸುತ್ತಿಕೊಂಡು ಎಂಟೊಂಬತ್ತು ಗಂಟೆ ತೆಗೆದುಕೊಳ್ಳುತ್ತವೆ. ಐದು ಗಂಟೆಯಲ್ಲಿ ಮುಟ್ಟಿಸುತ್ತೇವೆ ಅನ್ನುವ ವ್ಯಾನಿನವರು ಸಿಗುತ್ತಾರೆ. ನಾನಾದರೆ ಸುತ್ತಿನ ಬಸ್ಸನ್ನೇ ಹತ್ತುತ್ತೇನೆ. ನಾಲ್ಕು ಗಂಟೆ ಉಳಿಸಲು ಹೋಗಿ ಯಾವುದೋ ಹಳ್ಳಿಯಲ್ಲಿ ರಾತ್ರಿ ಕಳೆಯುವುದು ಯಾರಿಗೆ ಬೇಕು?

ಯುಕಟಾನ್ ಮಾತ್ರ ನಿಶ್ಚಿಂತೆ. ಬಹುತೇಕ ಸಪಾಟು, ದೊಡ್ಡ ಬೆಟ್ಟವೇ ಇಲ್ಲ, ಆದ್ದರಿಂದ ಕುಸಿತದ ಭಯವೂ ಇಲ್ಲ. ಸುಣ್ಣಕಲ್ಲಿನ ನೆಲ, ನೀರು ಬೇಗ ಇಂಗುತ್ತದೆ. ಚಂಡಮಾರುತ ಒಂದು ಬರದಿದ್ದರೆ ಮೆರಿದಾ, ವಯಾದೊಲಿದ್, ಕ್ಯಾಂಕುನ್ ನಡುವೆ ಮಳೆಗಾಲದಲ್ಲೂ ಕಣ್ಣು ಮುಚ್ಚಿ ಓಡಾಡಬಹುದು. ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಮಳೆಗಾಲದ ಪ್ರವಾಸ ಇಲ್ಲಿಗೇ ಸಾಕು. ಸೆಕೆ ಮಾತ್ರ ವಿಪರೀತ.

ಹಂತ 3: ಯಾವ ನಿಲ್ದಾಣ, ಯಾವ ಬಸ್ಸು

ಮೆಕ್ಸಿಕೊ ಸಿಟಿಯಲ್ಲಿ ಒಂದೇ ಬಸ್ ನಿಲ್ದಾಣ ಅಲ್ಲ, ದಿಕ್ಕಿಗೊಂದರಂತೆ ನಾಲ್ಕು. ಪೂರ್ವದ್ದು ತಾಪೊ, ದೊಡ್ಡ ಗುಮ್ಮಟದ ಕಟ್ಟಡ, ಸ್ಯಾನ್ ಲಾಸರೊ ಮೆಟ್ರೊಗೆ ಅಂಟಿಕೊಂಡೇ ಇದೆ. ಪುಯೆಬ್ಲಾ, ವಹಾಕಾ, ವೆರಾಕ್ರೂಸ್, ಚಿಯಾಪಾಸ್, ಯುಕಟಾನ್ ಬಸ್ಸುಗಳಿಗೆ ಇಲ್ಲಿಗೆ ಬನ್ನಿ. ಉತ್ತರದ ನಿಲ್ದಾಣದಿಂದ ಕೆರೆತಾರೊ, ಗ್ವಾನಾಹ್ವಾತೊ, ಗ್ವಾದಲಹಾರಾ, ಮೊಂತೆರ್ರೆ. ದಕ್ಷಿಣದ ತಾಸ್ಕೇನ್ಯಾದಿಂದ ಕ್ವೆರ್ನವಾಕಾ, ತಾಸ್ಕೊ, ಅಕಾಪುಲ್ಕೊ. ಪಶ್ಚಿಮದ ಒಬ್ಸೆರ್ವತೋರಿಯೊದಿಂದ ತೊಲೂಕಾ, ಮೊರೇಲಿಯಾ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಅಂತ ಎರಡು ಸಲ ಓದಿ.

ಮಳೆಯ ಸಂಜೆ ನಿಲ್ದಾಣ ಮುಟ್ಟುವುದೇ ಒಂದು ಪ್ರಯಾಣ. ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ, ಟ್ಯಾಕ್ಸಿ ದರ ಏರುತ್ತದೆ, ಟ್ರಾಫಿಕ್ ಮಿಸುಕುವುದಿಲ್ಲ. ಮೆಟ್ರೊ ವಾಸಿ, ಟಿಕೆಟ್ ಬರೀ 5 ಪೆಸೊ. ಆದರೆ ನೆಲದ ಮೇಲೆ ಓಡುವ ಭಾಗಗಳಲ್ಲಿ ಮಳೆ ಬಂದರೆ ಮೆಟ್ರೊವನ್ನೂ ನಿಧಾನ ಮಾಡುತ್ತಾರೆ, ಮತ್ತು ತಾಸ್ಕೇನ್ಯಾಗೆ ಹೋಗುವ ಎರಡನೇ ಲೈನಿನ ದಕ್ಷಿಣ ಭಾಗ ಪೂರ್ತಿ ನೆಲದ ಮೇಲೇ ಇದೆ. ಬೆಳಿಗ್ಗೆ ಹೊರಡಿ ಅನ್ನಲು ಇದೂ ಒಂದು ಕಾರಣ.

ಕಂಪನಿಗಳ ವಿಷಯ. ದಕ್ಷಿಣ, ಪೂರ್ವಕ್ಕೆಲ್ಲ ಎಡಿಒ (ಅಲ್ಲಿನವರ ಬಾಯಲ್ಲಿ ಆ ದೇ ಓ), ಚಿಯಾಪಾಸ್ ಕಡೆ ಅದರದ್ದೇ ಗುಂಪಿನ ಒಸಿಸಿ. ಮಧ್ಯ ಮತ್ತು ಪಶ್ಚಿಮಕ್ಕೆ ಪ್ರಿಮೆರಾ ಪ್ಲಸ್, ಇಟಿಎನ್. ಅಕಾಪುಲ್ಕೊ ಕಡೆ ಎಸ್ತ್ರೆಯಾ ದೆ ಓರೊ, ಕೋಸ್ತಾ ಲೈನ್. ಇಟಿಎನ್, ಎಡಿಒ ಪ್ಲಾಟಿನೊದಂಥ ದುಬಾರಿ ಬಸ್ಸಿನಲ್ಲಿ ಸಾಲಿಗೆ ಮೂರೇ ಸೀಟು. ಐದು ಗಂಟೆಯೊಳಗಿನ ಹಗಲು ಪ್ರಯಾಣಕ್ಕೆ ಅದು ದಂಡ, ಮಾಮೂಲಿ ಮೊದಲ ದರ್ಜೆ ಧಾರಾಳ ಸಾಕು.

ಎಲ್ಲೂ ಬರೆದಿರದ ಒಂದು ವಿಷಯ ಇಲ್ಲಿದೆ, ಮಳೆಗಾಲದಲ್ಲಿ ಇದು ಬಹಳ ಮುಖ್ಯ. ಬಸ್ಸು ಎರಡು ಬಗೆ, ಆ ನಿಲ್ದಾಣದಿಂದಲೇ ಹೊರಡುವುದು ಮತ್ತು ಬೇರೆ ಊರಿಂದ ಬಂದು ಹಾದುಹೋಗುವುದು. ಎರಡನೆಯದಕ್ಕೆ ದೆ ಪಾಸೊ ಅನ್ನುತ್ತಾರೆ. ಬಿಸಿಲಿದ್ದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಳೆಯ ದಿನ ನಿಲ್ದಾಣದ ಬೋರ್ಡು ನೋಡಿ: ಇಲ್ಲಿಂದಲೇ ಹೊರಡುವ ಬಸ್ಸು ಟೈಮಿಗೆ ಹೋಗುತ್ತಿರುತ್ತದೆ, ಹಾದುಹೋಗುವ ಬಸ್ಸು ಹಿಂದಿನ ನಾಲ್ಕು ಊರಿನ ಮಳೆಯನ್ನೆಲ್ಲ ಹೊತ್ತು ಎರಡು ಗಂಟೆ ತಡವಾಗಿ ಬರುತ್ತದೆ, ಅದರ ಟಿಕೆಟ್ ಹಿಡಿದ ಜನ ಬ್ಯಾಗಿನ ಮೇಲೆ ಕೂತು ಗಡಿಯಾರ ನೋಡುತ್ತಿರುತ್ತಾರೆ. ಕೌಂಟರಿನಲ್ಲಿ ಕೇಳಿ: "ಸಾಲೆ ದೆ ಆಕೀ?" ಅಂದರೆ ಇಲ್ಲಿಂದ ಹೊರಡುತ್ತದಾ? ಸೀ (ಹೌದು) ಅಂದರೆ ತೆಗೆದುಕೊಳ್ಳಿ.

ಹಂತ 4: ಟಿಕೆಟ್

ಮೊದಲೇ ಕೊಂಡರೆ ರಿಯಾಯಿತಿ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ತುಂಬಾ ಮೊದಲು ಕೊಳ್ಳುವುದು ಜಾಣತನ ಅಲ್ಲ. ರಿಯಾಯಿತಿ ಟಿಕೆಟ್‌ಗಳಲ್ಲಿ ಕೆಲವನ್ನು ಬದಲಾಯಿಸಲು ಬರುವುದಿಲ್ಲ, ಕೊಳ್ಳುವ ಮೊದಲು ಆ ಸಾಲು ಓದಿ. ಎರಡು ಮೂರು ದಿನ ಮೊದಲು, ಹವಾಮಾನ ನೋಡಿಕೊಂಡು ಕೊಂಡರೆ ಸಾಕು. ಇದಕ್ಕೆ ಮೂರು ಅಪವಾದ. ಸಾಮಾನ್ಯವಾಗಿ ಜುಲೈ ಕೊನೆಯ ಎರಡು ಸೋಮವಾರ ವಹಾಕಾದಲ್ಲಿ ಗೆಲಗೆತ್ಸಾ ಹಬ್ಬ. ಸೆಪ್ಟೆಂಬರ್ 15, 16 ಅವರ ಸ್ವಾತಂತ್ರ್ಯ ದಿನ. ಅಕ್ಟೋಬರ್ ಕೊನೆಯಿಂದ ನವೆಂಬರ್ 2ರವರೆಗೆ ಸತ್ತವರ ಹಬ್ಬ. ಈ ದಿನಗಳಿಗೆ ವಾರಗಟ್ಟಲೆ ಮೊದಲೇ ಕಾಯ್ದಿರಿಸಿ.

ಬೇರೆ ದೇಶದ ಕಾರ್ಡನ್ನು ಬಸ್ ಕಂಪನಿಗಳ ವೆಬ್‌ಸೈಟು ಕೆಲವೊಮ್ಮೆ ತೆಗೆದುಕೊಳ್ಳುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ, ಬಸ್‌ಬಡ್‌ನಂಥ ಮಧ್ಯವರ್ತಿ ಆ್ಯಪ್ ಇದೆ, ಇಲ್ಲವೇ ನಿಲ್ದಾಣದ ಕೌಂಟರಿಗೇ ಹೋಗಿ. ಕೌಂಟರಿನ ಟಿಕೆಟ್‌ಗೆ ಒಂದು ಅನುಕೂಲವೂ ಇದೆ: ರಸ್ತೆ ಬಂದ್ ಆಗಿ ಬಸ್ಸು ರದ್ದಾದರೆ ಅದೇ ಕೌಂಟರಿನಲ್ಲಿ ಬದಲಿ ಬಸ್ಸೋ ದುಡ್ಡೋ ಕೇಳುವುದು ಸುಲಭ. ಮಧ್ಯವರ್ತಿಯ ಮೂಲಕ ಕೊಂಡಿದ್ದರೆ ಕೌಂಟರಿನವರು ಅವರನ್ನೇ ಕೇಳಿ ಅನ್ನಬಹುದು, ಅವರು ಮೇಲ್ ಮಾಡಿ ಅನ್ನಬಹುದು.

ಸೀಟು ನಡುವಿನ ಸಾಲಿನಲ್ಲಿ ತೆಗೆದುಕೊಳ್ಳಿ. ಹಿಂದೆ ಶೌಚಾಲಯದ ವಾಸನೆ, ಮುಂದೆ ಎದುರಿನ ಲಾರಿಗಳ ಬೆಳಕು. ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮ ಇನಿಷಿಯಲ್ ಅವರಿಗೆ ಅರ್ಥವಾಗುವುದಿಲ್ಲ, ಪೂರ್ತಿ ಹೆಸರು ಬರೆಸಿ.

ಹಂತ 5: ಬ್ಯಾಗು ತುಂಬುವುದು

ದೊಡ್ಡ ಬ್ಯಾಗು ಬಸ್ಸಿನ ಹೊಟ್ಟೆಗೆ ಹೋಗುತ್ತದೆ. ಮಳೆಯಲ್ಲಿ ಆ ಬಾಗಿಲು ತೆಗೆದು ಹಾಕುವಾಗ ಎಲ್ಲ ಒದ್ದೆ, ಕೆಳಗೆ ನೀರೂ ನಿಂತಿರಬಹುದು. ಬ್ಯಾಗಿನ ಮೇಲೆ ರೇನ್ ಕವರ್ ಹಾಕುವುದಕ್ಕಿಂತ ಒಳಗೆ ದಪ್ಪ ಕಸದ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬುವುದು ಮೇಲು. ಪಾಸ್‌ಪೋರ್ಟು, ದುಡ್ಡು, ಔಷಧಿ, ಲ್ಯಾಪ್‌ಟಾಪು ನಿಮ್ಮ ಜೊತೆಗೇ ಇರಲಿ.

ಕೈಚೀಲದಲ್ಲಿ ಮೊದಲು ಇಡಬೇಕಾದ್ದು ಸ್ವೆಟರು. ನಗಬೇಡಿ. ಹೊರಗೆ ಬೆವರು ಸುರಿಯುತ್ತಿದ್ದರೂ ಬಸ್ಸಿನೊಳಗೆ ಎಸಿ ನಡುಗಿಸುತ್ತದೆ, ಒದ್ದೆ ಬಟ್ಟೆಯಲ್ಲಿ ಹತ್ತಿದರೆ ಏಳು ಗಂಟೆಯಲ್ಲಿ ನೆಗಡಿ ಗ್ಯಾರಂಟಿ. ಒಂದು ಜೊತೆ ಒಣ ಕಾಲುಚೀಲ, ಒಂದು ಒಣ ಅಂಗಿ ಕೈಗೆ ಸಿಗುವ ಹಾಗೆ ಇಡಿ. ಪವರ್ ಬ್ಯಾಂಕ್, ಒಂದೂವರೆ ಲೀಟರ್ ನೀರು, ಟಿಶ್ಯೂ, ಚಿಲ್ಲರೆ ನಾಣ್ಯ (ಎಷ್ಟೋ ನಿಲ್ದಾಣಗಳಲ್ಲಿ ಶೌಚಾಲಯಕ್ಕೆ ಕೆಲವು ಪೆಸೊ ಕೊಡಬೇಕು). ಘಾಟಿಯಲ್ಲಿ ತಲೆ ಸುತ್ತುವವರು ಊರಿಂದಲೇ ಅವೊಮಿನ್ ತಂದಿರಿ, ಇಲ್ಲದಿದ್ದರೆ ಅಲ್ಲಿನ ಔಷಧಿ ಅಂಗಡಿಯಲ್ಲಿ ಡ್ರಾಮಮೀನ್ ಸಿಗುತ್ತದೆ. ಹತ್ತಿದ ಮೇಲೆ ತೆಗೆದುಕೊಂಡರೆ ಉಪಯೋಗವಿಲ್ಲ, ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಬೇಕು. ಸೊಳ್ಳೆ ಕ್ರೀಮು ಬೇಕೇ ಬೇಕು, ಕರಾವಳಿಯಲ್ಲಿ ಮಳೆಗಾಲ ಅಂದರೆ ಡೆಂಗಿ ಕಾಲ.

ಸಸ್ಯಾಹಾರಿಗಳಿಗೆ ಒಂದು ಮಾತು. ದಾರಿಯ ಊಟವನ್ನು ನೆಚ್ಚಬೇಡಿ. ಬೇಯಿಸಿದ ಬೀನ್ಸ್ ಕಾಳು ಅಂತ ಕೊಡುವುದರಲ್ಲೂ ಹಂದಿ ಕೊಬ್ಬು ಇರಬಹುದು, ವಹಾಕಾದ ತ್ಲಾಯೂದಾ ರೊಟ್ಟಿಗೂ ಅದನ್ನೇ ಸವರುತ್ತಾರೆ. "ಸಿನ್ ಕಾರ್ನೆ, ಸಿನ್ ಮಾಂತೇಕಾ" ಅನ್ನಿ, ಮಾಂಸ ಬೇಡ, ಕೊಬ್ಬು ಬೇಡ ಅಂತ. ಚೀಸ್ ಹಾಕಿ ಮಡಚಿದ ರೊಟ್ಟಿ ಕೆಸದಿಯಾ, ಬೇಯಿಸಿದ ಮೆಕ್ಕೆಜೋಳ, ಬಾಳೆಹಣ್ಣು, ಕಡಲೆಬೀಜ ಎಲ್ಲ ಕಡೆ ಸಿಗುತ್ತದೆ. ಚಟ್ನಿಪುಡಿ ತಂದಿದ್ದರೆ ಅಲ್ಲಿನ ಬಿಸಿ ತೊರ್ತಿಯಾ ರೊಟ್ಟಿ ಜೊತೆ ಚೆನ್ನಾಗಿಯೇ ಹೊಂದುತ್ತದೆ. ರಸ್ತೆಯಲ್ಲಿ ಸಿಕ್ಕಿಕೊಂಡರೆ ನಾಲ್ಕೈದು ಗಂಟೆ ಏನೂ ಸಿಗದೇ ಇರಬಹುದು, ಅಷ್ಟಕ್ಕೆ ಸಾಕಾಗುವ ತಿಂಡಿ ಇರಲಿ.

ಹಂತ 6: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಹಿಂದಿನ ರಾತ್ರಿ ಎರಡು ಕಡೆ ನೋಡಿ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪುಟದಲ್ಲಿ ಎರಡೂ ಸಮುದ್ರಗಳ ನಕ್ಷೆ ಇರುತ್ತದೆ, ನಿಮ್ಮ ದಾರಿಯ ಹತ್ತಿರ ಕೆಂಪು ಅಥವಾ ಕಿತ್ತಳೆ ಗುರುತು ಇದ್ದರೆ ಎಚ್ಚರ. ಇನ್ನೊಂದು, ಮೆಕ್ಸಿಕೊದ ಹವಾಮಾನ ಇಲಾಖೆಯ ಪುಟ. ಆ ದೇಶದಲ್ಲಿ ಚಂಡಮಾರುತದ ಎಚ್ಚರಿಕೆಗೆ ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಐದು ಬಣ್ಣ. ಹಳದಿ ಬಂದ ಮೇಲೆ ಕರಾವಳಿ ಕಡೆ ಹೊರಡುವುದನ್ನು ನಿಲ್ಲಿಸಿ, ಕಿತ್ತಳೆ ಬಂದರೆ ಇರುವ ಊರಲ್ಲೇ ಇರಿ.

ಟೋಲ್ ರಸ್ತೆಗಳ ಸುದ್ದಿಗೆ, ಆ ರಸ್ತೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕಾಪುಫೆ ಎಕ್ಸ್‌ನಲ್ಲಿ ದಿನವಿಡೀ ಬರೆಯುತ್ತಿರುತ್ತದೆ, ಎಲ್ಲಿ ಕುಸಿದಿದೆ, ಎಲ್ಲಿ ಅಪಘಾತ ಅಂತ. ಸ್ಪ್ಯಾನಿಷ್ ಬಾರದಿದ್ದರೂ ಅನುವಾದ ಒತ್ತಿದರೆ ಸಾಕು. ಅವರ ಫೋನ್ 074. ಪ್ರವಾಸಿಗರ ಸಹಾಯಕ್ಕೆ 078, ತುರ್ತಿಗೆ 911. ಈ ಮೂರನ್ನೂ ಫೋನಿನಲ್ಲಿ ಸೇವ್ ಮಾಡಿ. ಟಿಕೆಟ್‌ನ ಸ್ಕ್ರೀನ್‌ಶಾಟ್, ಆಫ್‌ಲೈನ್ ಮ್ಯಾಪ್ ಎರಡೂ ಇರಲಿ, ಬೆಟ್ಟದಲ್ಲಿ ಸಿಗ್ನಲ್ ಬರುವುದಿಲ್ಲ.

ಬೆಳಿಗ್ಗೆ ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಮೊದಲು ಹೋಗಿ. ಕೌಂಟರಿನಲ್ಲಿ ಒಂದು ಪ್ರಶ್ನೆ: "ಆಯ್ ದೆರ್ರುಂಬೆ ಎನ್ ಲಾ ಕಾರ್ರೆತೇರಾ?" ರಸ್ತೆಯಲ್ಲಿ ಕುಸಿತ ಇದೆಯಾ ಅಂತ. ಅವರ ಉತ್ತರದಲ್ಲಿ ಸೆರ್ರಾದಾ ಅನ್ನುವ ಪದ ಕಿವಿಗೆ ಬಿದ್ದರೆ ರಸ್ತೆ ಮುಚ್ಚಿದೆ. ಬಸ್ಸಿನ ಹಣೆಯ ಮೇಲೆ ಇರುವುದು ಕೊನೆಯ ಊರಿನ ಹೆಸರು, ನೀವು ಇಳಿಯುವ ಊರಿನದ್ದಲ್ಲ, ಆದ್ದರಿಂದ ಪ್ಲಾಟ್‌ಫಾರ್ಮ್ ನಂಬರು ಮತ್ತು ಹೊರಡುವ ಟೈಮು ನೋಡಿ ಹತ್ತಿ.

ಬ್ಯಾಗು ಕೊಡುವಾಗ ಒಬ್ಬಾತ ಅದಕ್ಕೆ ನಂಬರಿನ ಚೀಟಿ ಕಟ್ಟಿ, ಅದೇ ನಂಬರಿನ ಅರ್ಧ ಚೀಟಿಯನ್ನು ಹರಿದು ನಿಮ್ಮ ಕೈಗೆ ಕೊಡುತ್ತಾನೆ. ಹತ್ತಿಪ್ಪತ್ತು ಪೆಸೊ ಕೊಡುವುದು ರೂಢಿ. ಆ ಚೂರು ಕಾಗದ ಒದ್ದೆ ಕೈಯಲ್ಲಿ ಮುದ್ದೆಯಾಗಿ ಹೋಗುತ್ತದೆ, ಮತ್ತು ಇಳಿಯುವಾಗ ಅದಿಲ್ಲದೆ ಬ್ಯಾಗು ಕೊಡಲು ತಕರಾರು ಮಾಡುತ್ತಾರೆ. ಫೋನಿನ ಕವರಿನೊಳಗೆ ಸಿಕ್ಕಿಸಿ, ಒಂದು ಫೋಟೊನೂ ತೆಗೆದಿಡಿ.

ಹಂತ 7: ದಾರಿಯಲ್ಲಿ

ಪಾಸ್‌ಪೋರ್ಟು ಜೊತೆಗೇ ಇರಲಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಚಿಯಾಪಾಸ್, ತಬಾಸ್ಕೊ, ವಹಾಕಾದ ತೆವಾಂತೆಪೆಕ್ ಭಾಗದಲ್ಲಿ ವಲಸೆ ಇಲಾಖೆಯವರು ಬಸ್ಸು ನಿಲ್ಲಿಸಿ ಹತ್ತುತ್ತಾರೆ, ಹೆಚ್ಚಾಗಿ ರಾತ್ರಿ. ದೀಪ ಹಾಕುತ್ತಾರೆ, ಸಾಲಿನ ಉದ್ದಕ್ಕೂ ಮುಖ ನೋಡುತ್ತಾ ಬರುತ್ತಾರೆ, ಪಕ್ಕದ ಮೆಕ್ಸಿಕನ್ ಅಜ್ಜಿಯನ್ನು ಬಿಟ್ಟು ನಮ್ಮ ಹತ್ತಿರ ನಿಲ್ಲುತ್ತಾರೆ. ಅಮೆರಿಕದ ಗಡಿ ದಾಟಲು ಹೊರಟ ಭಾರತೀಯರೂ ಇದೇ ದಾರಿಯಲ್ಲಿ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತು. 2019ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊ 311 ಭಾರತೀಯರನ್ನು ಒಂದೇ ವಿಮಾನದಲ್ಲಿ ದೆಹಲಿಗೆ ವಾಪಸ್ ಕಳಿಸಿತ್ತು. ಜೆರಾಕ್ಸ್ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಸಲಿ ಪಾಸ್‌ಪೋರ್ಟು, ಅದರಲ್ಲಿ ದೇಶಕ್ಕೆ ಬಂದ ದಿನದ ಮುದ್ರೆ, ಅಮೆರಿಕದ ವೀಸಾ ಮೇಲೆ ಬಂದಿದ್ದರೆ ಆ ವೀಸಾ ಇರುವ ಪಾಸ್‌ಪೋರ್ಟು (ಹಳೆಯದಾದರೂ ಸರಿ), ಹೋಟೆಲ್ ಬುಕಿಂಗು, ವಾಪಸ್ ಟಿಕೆಟ್ಟು. ಇಷ್ಟು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇದ್ದರೆ ಎರಡು ನಿಮಿಷದ ಕೆಲಸ. ವಿಮಾನ ನಿಲ್ದಾಣದಲ್ಲಿ ಮುದ್ರೆ ಹಾಕುವಾಗಲೇ ಎಷ್ಟು ದಿನ ಬರೆದರು ಅಂತ ನೋಡಿಕೊಳ್ಳಿ, 180 ಅಂತ ಸುಮ್ನೆ ಊಹಿಸಬೇಡಿ.

ರಸ್ತೆ ಮುಂದೆ ಬಂದ್ ಆಗಿ ಬಸ್ಸು ನಿಂತಿತು ಅನ್ನಿ. ಮೊದಲು ಡ್ರೈವರ್ ಇಳಿದು ಹೋಗಿ ಬರುತ್ತಾರೆ. "ನೊ ಆಯ್ ಪಾಸೊ" ಅಂದರೆ ದಾರಿ ಇಲ್ಲ. ಆಗ ಬಸ್ಸಿನಲ್ಲೇ ಇರಿ. ಗುಡ್ಡದ ಬದಿಗೆ ಇಳಿದು ನಿಂತು ಫೋಟೊ ತೆಗೆಯುವ ಕೆಲಸ ಬೇಡ, ಒಂದು ಸಲ ಕುಸಿದ ಜಾಗ ಮತ್ತೆ ಕುಸಿಯುತ್ತದೆ. ಸಾಮಾನ್ಯವಾಗಿ ಒಂದೋ ಯಂತ್ರ ಬಂದು ಒಂದು ಬದಿ ಬಿಡಿಸುತ್ತಾರೆ, ಇಲ್ಲವೇ ಬಸ್ಸು ತಿರುಗಿ ಹಿಂದಿನ ಊರಿಗೆ ಹೋಗುತ್ತದೆ. ಎರಡರಲ್ಲೂ ಬಸ್ಸಿನ ಜೊತೆ ಇರುವವರಿಗೇ ಲಾಭ, ಬ್ಯಾಗೂ ಅದರಲ್ಲೇ ಇದೆ, ಟಿಕೆಟಿಗೆ ಜವಾಬ್ದಾರರೂ ಅವರೇ. ಸ್ಥಳದಲ್ಲಿ ಪಿಕಪ್ ತಂದು ಕಾಡುದಾರಿಯಲ್ಲಿ ದಾಟಿಸುತ್ತೇವೆ ಅನ್ನುವವರು ಬರುತ್ತಾರೆ. ಊರಿನವರು ಹೋಗಬಹುದು, ಅವರಿಗೆ ದಾರಿ ಗೊತ್ತು. ನೀವು ಬೇಡ, ಕತ್ತಲಾದ ಮೇಲಂತೂ ಖಂಡಿತ ಬೇಡ.

ರಾತ್ರಿ ಬಸ್ಸು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಅದೂ ಗೊತ್ತು. ವಹಾಕಾದಿಂದ ಸ್ಯಾನ್ ಕ್ರಿಸ್ಟೋಬಲ್ ಹತ್ತು ಗಂಟೆಗೂ ಜಾಸ್ತಿ, ಬಸ್ಸುಗಳು ಹೆಚ್ಚಾಗಿ ರಾತ್ರಿಯದ್ದೇ. ಎರಡು ಉಪಾಯ ಇದೆ. ಹಗಲು ತೆವಾಂತೆಪೆಕ್ ಅಥವಾ ಹುಚಿತಾನ್‌ವರೆಗೆ ಹೋಗಿ ಉಳಿದುಕೊಂಡು, ಮರುದಿನ ಬೆಳಿಗ್ಗೆ ಚಿಯಾಪಾಸ್ ಬೆಟ್ಟ ಹತ್ತುವುದು. ಇಲ್ಲವೇ ಆ ವಾರ ಮಳೆ ಜೋರಿದ್ದರೆ ಆ ಒಂದು ತುಂಡನ್ನು ವಿಮಾನದಲ್ಲಿ ದಾಟುವುದು. ಮೆಕ್ಸಿಕೊ ಸಿಟಿಯಿಂದ ಮೆರಿದಾಗೆ ಇಪ್ಪತ್ತು ಗಂಟೆ ಬಸ್ಸಿನಲ್ಲಿ ಕೂರುವುದಂತೂ ಮಳೆಗಾಲದಲ್ಲಿ ಸಾಹಸವೂ ಅಲ್ಲ, ಉಳಿತಾಯವೂ ಅಲ್ಲ.

ಹಂತ 8: ಸಿಕ್ಕಿಕೊಂಡರೆ

ಉಳಿಯಬೇಕಾಗಿ ಬಂದರೆ ದೊಡ್ಡ ಊರಿನಲ್ಲಿ ಉಳಿಯಿರಿ. ಪುಯೆಬ್ಲಾ, ವಹಾಕಾ, ಟುಸ್ಟ್ಲಾ, ವಿಯಾಎರ್ಮೋಸಾ ಇಂಥ ಊರುಗಳಿಗೆ ಒಂದಕ್ಕಿಂತ ಜಾಸ್ತಿ ದಾರಿ ಇದೆ, ವಿಮಾನ ನಿಲ್ದಾಣವೂ ಇದೆ. ಮುಂದಿನ ಸಣ್ಣ ಊರಿನವರೆಗಾದರೂ ಹೋಗೋಣ ಅಂತ ಹೊರಟರೆ ಅಲ್ಲಿ ಹೋಟೆಲೂ ಇಲ್ಲ, ಬಸ್ಸೂ ಇಲ್ಲ. ನಗದು ಕೈಯಲ್ಲಿರಲಿ, ಕರೆಂಟ್ ಹೋದರೆ ಎಟಿಎಮ್ಮೂ ಇಲ್ಲ, ಕಾರ್ಡೂ ನಡೆಯುವುದಿಲ್ಲ.

ವಾಪಸ್ ವಿಮಾನಕ್ಕೆ ಹಿಂದಿನ ದಿನ ಬೆಟ್ಟ ಇಳಿದು ಬರುವ ಪ್ಲಾನ್ ಮಾಡಲೇಬೇಡಿ. ಕೊನೆಯ ಎರಡು ರಾತ್ರಿ ವಿಮಾನ ಹೊರಡುವ ಊರಲ್ಲೇ ಕಳೆಯುವ ಹಾಗೆ ಇಟ್ಟುಕೊಳ್ಳಿ.

ಹಂತ 9: ಇಳಿದ ಮೇಲೆ

ಬ್ಯಾಗಿನ ಅರ್ಧ ಚೀಟಿ ತೋರಿಸಿ, ನಿಮ್ಮದೇ ಬ್ಯಾಗಾ ಅಂತ ನೋಡಿ ತೆಗೆದುಕೊಳ್ಳಿ. ಮಳೆಯ ಕತ್ತಲಲ್ಲಿ ಕಪ್ಪು ಬ್ಯಾಗುಗಳೆಲ್ಲ ಒಂದೇ ಥರ ಕಾಣುತ್ತವೆ, ಹಿಡಿಗೆ ಒಂದು ಬಣ್ಣದ ಬಟ್ಟೆ ಕಟ್ಟಿದ್ದರೆ ಸುಲಭ. ಹೊರಗೆ ಬಂದು ಕೂಗುವವರ ಟ್ಯಾಕ್ಸಿ ಹತ್ತಬೇಡಿ. ದೊಡ್ಡ ನಿಲ್ದಾಣಗಳ ಒಳಗೇ ತಾಕ್ಸಿ ಔತೊರಿಸಾದೊ ಅಂತ ಕೌಂಟರ್ ಇರುತ್ತದೆ, ಹೋಗುವ ಜಾಗ ಹೇಳಿ ದುಡ್ಡು ಕಟ್ಟಿ ಚೀಟಿ ತೆಗೆದುಕೊಂಡರೆ ಚೌಕಾಸಿ ಇಲ್ಲ. ಮಳೆ ಬರುತ್ತಿರುವಾಗ ಆ್ಯಪ್ ಟ್ಯಾಕ್ಸಿಗಿಂತ ಇದೇ ಅಗ್ಗ ಬೀಳುವುದೂ ಉಂಟು.

ಕ್ಯಾಂಕುನ್, ತುಲುಮ್ ಕಡೆ ಇಳಿಯುವವರು ಗಡಿಯಾರ ನೋಡಿಕೊಳ್ಳಿ. ಕಿಂತಾನಾ ರೂ ರಾಜ್ಯದ ಸಮಯ ಮೆಕ್ಸಿಕೊ ಸಿಟಿಗಿಂತ, ಪಕ್ಕದ ಮೆರಿದಾಗಿಂತಲೂ ಒಂದು ಗಂಟೆ ಮುಂದೆ. ಮೆರಿದಾದಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ನಾಲ್ಕು ಗಂಟೆ ಕೂತರೆ ಕ್ಯಾಂಕುನ್‌ನಲ್ಲಿ ಮಧ್ಯಾಹ್ನ ಒಂದಾಗಿರುತ್ತದೆ, ಹನ್ನೆರಡಲ್ಲ. ಮಧ್ಯಾಹ್ನ ಮೂರರ ವಿಮಾನಕ್ಕೆ ಆ ಬಸ್ಸು ಸಾಕು ಅಂದುಕೊಂಡಿದ್ದರೆ ಆರರ ಬಸ್ಸಿಗೆ ಬದಲಾಯಿಸಿಕೊಳ್ಳಿ.